ಆಯುಧಪೂಜೆಯ ವಾರ ಬಂದ ಹೊಸ ಆವೃತ್ತಿ

‘ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಿ’ ಎಂದು ನಾಲ್ಕು ಸಾಲು ಬರೆಯುವುದೂ ಒಂದು ಕೆಲಸವೇ ಎಂದು ಕೇಳಿದವರು ಬಹಳ ಜನ. ಅವರಲ್ಲಿ ನಮ್ಮ ಮನೆಯವರೇ ಮೊದಲಿಗರು. ನಾನು ಜವಾಬು ಕೊಡುತ್ತಿರಲಿಲ್ಲ. ಒಲೆಯ ಮೇಲೆ ಸಾರು, ಪಕ್ಕದ ಮೇಜಿನ ಮೇಲೆ ಅರ್ಧಕ್ಕೆ ಬಂದ ಲಿನಕ್ಸ್, ಎರಡನ್ನೂ ಕಾಯುವವಳಿಗೆ ವಾದಕ್ಕೆ ಪುರುಸೊತ್ತೆಲ್ಲಿ? ಈಗ ಕೆಲಸ ಬಿಟ್ಟಿದ್ದೇನೆ, ಪುರುಸೊತ್ತಿದೆ. ಈ ಕಡೆಗೆ ಬರಬೇಕೆಂದಿರುವ ಹೆಣ್ಣುಮಕ್ಕಳು ಒಬ್ಬಿಬ್ಬರು “ಅಕ್ಕಾ, ಅದರಲ್ಲಿ ಏನೇನಿರುತ್ತೆ ಬರೆದುಕೊಡಿ” ಎಂದಿದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಒಂದು ಮಾತು. ಕಂಪ್ಯೂಟರನ್ನು ಎಬ್ಬಿಸಿ ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ಅಂಗಡಿಯಿಂದ ಬರುವಾಗ ಸಾಮಾನ್ಯವಾಗಿ ವಿಂಡೋಸ್ ಇರುತ್ತದೆ. ಅದಲ್ಲದೆ ಲಿನಕ್ಸ್ ಎಂಬುದೊಂದಿದೆ, ಅದರಲ್ಲೇ ನೂರಾರು ಬಗೆ. ಲಿನಕ್ಸ್ ಅಲ್ಲದ ಬೇರೆ ಚಿಕ್ಕಪುಟ್ಟವೂ ಇವೆ. ಇವನ್ನು ಯಾರು ಬೇಕಾದರೂ ಪುಕ್ಕಟೆ ಪಡೆಯಬಹುದು, ತಿದ್ದಬಹುದು, ಹಂಚಬಹುದು. ಇವು ವರುಷಕ್ಕೊಮ್ಮೆಯೋ ಎರಡು ಸಲವೋ ಹೊಸ ರೂಪದಲ್ಲಿ ಬರುತ್ತವೆ. ಹಾಗೆ ಬಂದಾಗ ನಮ್ಮ ಕಡೆಯ ಡಿಟಿಪಿ ಅಂಗಡಿಗಳಿಗೆ, ಶಾಲೆಯ ಕಂಪ್ಯೂಟರ್ ಕೋಣೆಗಳಿಗೆ, ಹಾಲಿನ ಸಂಘಗಳಿಗೆ ಕನ್ನಡದಲ್ಲಿ ಸುದ್ದಿ ಮುಟ್ಟಿಸುವುದು ನನ್ನ ಕೆಲಸವಾಗಿತ್ತು. ಇಷ್ಟು ವರ್ಷ ಬಂಗಾರಪೇಟೆಯ ಮನೆಯಲ್ಲೇ ಕೂತು ಅದನ್ನು ಮಾಡಿದೆ.

ನಾನು ಓದಿ ಇದಕ್ಕೆ ಬಂದವಳಲ್ಲ. ಮದುವೆಗೆ ಮುಂಚೆ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಕನ್ನಡ ಟೈಪಿಂಗ್ ಕಲಿತಿದ್ದೆ, ಅಷ್ಟೇ. ನಮ್ಮೂರ ಹತ್ತಿರದ ರಾಬರ್ಟ್‌ಸನ್‌ಪೇಟೆಯಲ್ಲಿ ವೆಂಕಟರಮಣಪ್ಪ ಎಂಬ ವಿಜ್ಞಾನದ ಮೇಷ್ಟ್ರು ನಿವೃತ್ತರಾದ ಮೇಲೆ ಒಂದು ಸಣ್ಣ ಪ್ರೆಸ್ ಇಟ್ಟು, ಕಂಪ್ಯೂಟರ್ ಸುದ್ದಿಯದೇ ಒಂದು ಹಾಳೆ ಹೊರಡಿಸುತ್ತಿದ್ದರು. ಟೈಪ್ ಮಾಡಲು ಜನ ಬೇಕಿತ್ತು, ನಾನು ಹೋದೆ. ಅವರು ಇಂಗ್ಲಿಷಿನಿಂದ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಒತ್ತುತ್ತಿದ್ದೆ. ಹೇಳಿದ್ದಕ್ಕಿಂತ ನಾನು ಒತ್ತಿದ್ದೇ ಚೆನ್ನಾಗಿದೆ ಎಂದು ಒಂದು ದಿನ ಅವರಿಗೇ ಅನ್ನಿಸಿತು. ದೇವರು ಕೊಡುವುದು ಹೀಗೇ, ಬಾಗಿಲು ತಟ್ಟಿ ಕೊಡುವುದಿಲ್ಲ.

ನಾನೇ ಸ್ವಂತ ಬರೆದ ಮೊದಲ ಸುದ್ದಿಯನ್ನು ಮೇಷ್ಟ್ರು ಓದಿ ಮೇಜಿನ ಮೇಲೆ ಮಗುಚಿ ಹಾಕಿದರು. ಅದರಲ್ಲಿ ‘ಅತ್ಯಾಕರ್ಷಕ’, ‘ಅತಿವೇಗದ’, ‘ನಯನಮನೋಹರ’ ಎಂದೆಲ್ಲ ಬರೆದಿದ್ದೆ.

“ಪದ್ಮಾವತಮ್ಮಾ, ಇದು ಸುದ್ದಿನೋ, ಎಣ್ಣು ನೋಡಕ್ಕೆ ಬಂದೋರ ಮುಂದೆ ಎಣ್ಣಿನ ತಾಯಿ ಆಡೋ ಮಾತೋ?”

“ಅವರೇ ಹಂಗೆ ಬರೆದವ್ರೆ ಮೇಷ್ಟ್ರೇ, ಇಂಗ್ಲಿಷಲ್ಲಿ.”

“ಅವ್ರು ಎಣ್ಣಿನ ಕಡೆಯೋರು, ಬರೀತಾರೆ. ನಾವು ಗಂಡಿನ ಕಡೆಯೋರ ಪರವಾಗಿ ಓಗಿ ನೋಡ್ಕೊಂಡು ಬರೋ ದೊಡ್ಡಮ್ಮ ಇದ್ದಂಗೆ. ಯಾರಿಗೆ ಬೇಕು ಇದು? ಯಾವ ಮಿಷನ್ನಿಗೆ ಆಗ್ತದೆ? ಕೆಟ್ರೆ ವಾಪಸ್ ಬರೋದು ಎಂಗೆ? ಈ ಮೂರನ್ನ ಬರಿ. ಮಿಕ್ಕಿದ್ದು ಬೇಡ.”

ಆ ದೊಡ್ಡಮ್ಮನ ಮಾತು ನನಗೆ ಹಿಡಿಸಿಬಿಟ್ಟಿತು. ದೊಡ್ಡಮ್ಮ ಕೂತಲ್ಲೇ ಕೂತು ಹೇಳುವುದಿಲ್ಲ, ಹೋಗಿ ನೋಡುತ್ತಾಳೆ, ಹಿತ್ತಲಿಗೂ ಇಣುಕುತ್ತಾಳೆ. ಹಾಗಾಗಿ ಅಲ್ಲಿಂದ ಮುಂದೆ ನಾನು ಹಾಕಿ ನೋಡದೆ ಯಾವ ಆವೃತ್ತಿಯ ಬಗ್ಗೆಯೂ ಬರೆಯಲಿಲ್ಲ.

ಹಾಕಿ ನೋಡಲು ಮಿಷನ್ ಬೇಕಲ್ಲ. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ ಹಿಂದೆ ಅರುಳ್ ಎಂಬಾತ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮಾತಿನಲ್ಲಿ ತಮಿಳು, ಕನ್ನಡ, ತೆಲುಗು ಮೂರೂ ಒಂದೇ ಉಸಿರಿಗೆ ಬರುತ್ತವೆ. ಎಲ್ಲರೂ ಬಿಟ್ಟುಹೋದ ಒಂದು ಹಳೆಯ ಕಂಪ್ಯೂಟರನ್ನು ಅವನು ನನಗೆ ಹೊಂದಿಸಿಕೊಟ್ಟ. ನಾನು ಅಂಗಡಿಗೆ ಕಾಲಿಟ್ಟರೆ ಸಾಕು, “ವಾಂಗಕ್ಕಾ, ಈ ವಾರ ಯಾವ ಸಾಮಿ ಹೊಸ ಅವತಾರ ಎತ್ತಿದಾರೆ?” ಎನ್ನುತ್ತಿದ್ದ. ವಿಂಡೋಸ್ ಬಿಟ್ಟು ಮಿಕ್ಕಿದ್ದೆಲ್ಲ ಅವನ ಪಾಲಿಗೆ ಹೆಂಗಸರ ಭಜನೆ. ಏನೇ ಕೆಟ್ಟು ಬರಲಿ, ಅವನ ಬಳಿ ಒಂದೇ ಮದ್ದು: “ಫಾರ್ಮ್ಯಾಟ್ ಪಣ್ಣಿಡು, ಎಲ್ಲಾ ಸರಿ ಓಗ್ತದೆ.” ಎಲ್ಲಾ ಸರಿಹೋಗುವುದು ನಿಜ. ಜೊತೆಗೆ ಒಳಗಿದ್ದುದೆಲ್ಲ ಅಳಿಸಿಯೂ ಹೋಗುತ್ತದೆ.

ಆ ಮಿಷನ್ನು ನಮ್ಮ ಅಡುಗೆಮನೆಗೂ ದೇವರ ಕೋಣೆಗೂ ನಡುವಿನ ಮೂಲೆಯಲ್ಲಿ ಕೂತಿತು. ಹೊಸ ಆವೃತ್ತಿ ಹಾಕಿದ ಮೇಲೆ ನಾನು ಟೈಪ್ ಮಾಡುವ ಮೊದಲ ಸಾಲು ‘ಶ್ರೀ ವೆಂಕಟರಮಣ ಪ್ರಸನ್ನ’. ಬಂಗಾರು ತಿರುಪತಿಯವನು ನಮ್ಮ ಮನೆದೇವರು. ಭಕ್ತಿಯೂ ಆಯಿತು, ಒತ್ತಕ್ಷರ ಸರಿಯಾಗಿ ಮೂಡುತ್ತದೋ ಇಲ್ಲವೋ ನೋಡಿದಂತೆಯೂ ಆಯಿತು. ಆಮೇಲೆ ಪ್ರಿಂಟರು. ಎಷ್ಟೋ ಆವೃತ್ತಿಗಳು ಪರದೆಯ ಮೇಲೆ ಮದುಮಗಳಂತಿದ್ದು, ಪ್ರಿಂಟರ್ ಮುಂದೆ ಬಂದಾಗ ಮೂಕಿಯಾಗುತ್ತಿದ್ದವು.

ಕೊನೆಯದೇ ನನ್ನ ದೊಡ್ಡ ಪರೀಕ್ಷೆ. ಹಳೆಯದನ್ನು ಹೊಸದಕ್ಕೆ ಏರಿಸುವಾಗ, ಕೆಲಸ ಅರ್ಧದಲ್ಲಿರುವಾಗಲೇ, ಗೋಡೆಯಿಂದ ಪ್ಲಗ್ ಕೀಳುತ್ತಿದ್ದೆ. ಮೊದಲ ಸಲ ಅರುಳ್‌ಗೆ ಹೇಳಿದಾಗ ಅವನು ತಲೆಯ ಮೇಲೆ ಕೈಹೊತ್ತ.

“ಅಕ್ಕಾ, ಉನಕ್ಕು ಪೈತ್ಯಮಾ, ಹುಚ್ಚಾ? ಯಾರಾದ್ರೂ ಬೇಕೂಂತ ಕೀಳ್ತಾರಾ?”

“ನಾನು ಕೀಳದಿದ್ರೆ ಕರೆಂಟಿನವರು ಕೀಳ್ತಾರೆ ಅರುಳ್. ನಮ್ಮೂರಲ್ಲಿ ಕರೆಂಟ್ ಯಾರನ್ನ ಕೇಳಿ ಹೋಗುತ್ತೆ?”

ಪ್ಲಗ್ ಕಿತ್ತ ಮೇಲೆ ಮತ್ತೆ ಎಬ್ಬಿಸಿ ನೋಡುವುದು. ಕೆಲವು ಎದ್ದು ‘ಎಲ್ಲಿ ಬಿಟ್ಟಿದ್ದೆವು?’ ಎಂಬಂತೆ ಮುಂದುವರಿಯುತ್ತಿದ್ದವು. ಕೆಲವಕ್ಕೆ ಸ್ವಲ್ಪ ಉಪಚಾರ ಬೇಕು. ಒಂದೆರಡು ಏಳಲೇ ಇಲ್ಲ. ಅವುಗಳ ಹೆಸರು ಇಲ್ಲಿ ಬೇಡ, ಆಗ ಹಾಳೆಯಲ್ಲಿ ಸ್ಪಷ್ಟವಾಗಿ ಬರೆದಿದ್ದೆ. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದೂ ಇದನ್ನೇ. ನಿಮ್ಮ ಓದುಗರ ಮನೆಯಲ್ಲಿ ಏನೇನು ಆಗಬಹುದೋ ಅದೆಲ್ಲ ಮೊದಲು ನಿಮ್ಮ ಮನೆಯಲ್ಲಿ ಆಗಲಿ.

ವಿಧಾನಗಳು ಎಷ್ಟು ಬದಲಾದವು! ಆರಂಭದಲ್ಲಿ ಸಿಡಿ. ಬೂದಿಕೋಟೆಯ ಶಾಲೆಗೆ ಸಿಡಿ ಕಳಿಸಬೇಕಾದರೆ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಒಬ್ಬ ಕಂಡಕ್ಟರು ಅದನ್ನು ಹಾಡಿನ ಸಿಡಿ ಎಂದುಕೊಂಡು ದಾರಿಯಲ್ಲಿ ಬಸ್ಸಿನ ಪ್ಲೇಯರಿಗೆ ಹಾಕಿ, “ಏನಮ್ಮಾ, ಒಂದು ಹಾಡೂ ಬರಲಿಲ್ಲ, ಖಾಲಿ ಸಿಡಿ ಕೊಟ್ಟಿದ್ದೀರ” ಎಂದು ಮರುದಿನ ನನಗೇ ಹಿಂದಿರುಗಿಸಿದ. ಆಮೇಲೆ ಪೆನ್‌ಡ್ರೈವ್ ಬಂತು. ಆಮೇಲೆ ಫೋನಿನ ನೆಟ್‌ನಿಂದ ನೇರ ಇಳಿಸಿಕೊಳ್ಳುವ ಕಾಲ. ಹಾಳೆಯೂ ಕಾಗದ ಬಿಟ್ಟು ಫೋನಿನ ಗುಂಪಿಗೆ ಹೋಯಿತು. ಮೇಷ್ಟ್ರು ಮಾತ್ರ ಕೊನೆತನಕ ಒಂದು ಪುಟಕ್ಕೆ ಹಿಡಿಸುವಷ್ಟೇ ಬರೆಯಬೇಕೆಂದರು. ಫೋನಿನಲ್ಲಿ ಪುಟ ಎಲ್ಲಿದೆ ಎಂದರೆ, “ಓದೋನ ತಾಳ್ಮೆ ಒಂದೇ ಪುಟ” ಎನ್ನುತ್ತಿದ್ದರು. ಆ ಒಂದು ಪುಟದ ಹಟದಿಂದಲೇ ನಾನು ಈಗ ಹೇಳಹೊರಟಿರುವ ಪ್ರಕರಣ ನಡೆಯಿತು.

ಕಾಮಸಮುದ್ರದಲ್ಲಿ ನಾಗವೇಣಿ ಎಂಬ ಹುಡುಗಿ, ಮದುವೆಯಾಗಿ ಬಂದವಳು, ಅತ್ತೆಮನೆಯ ರಸ್ತೆಬದಿಯ ಕೋಣೆಯಲ್ಲಿ ಟೈಪಿಂಗ್, ಜೆರಾಕ್ಸ್, ಆನ್‌ಲೈನ್ ಅರ್ಜಿಯ ಒಂದು ಸೆಂಟರ್ ಮಾಡಿಕೊಂಡಿದ್ದಳು. ಅವಳ ಕಂಪ್ಯೂಟರು ಹಳೆಯದು. ಅದರ ವಿಂಡೋಸಿಗೆ ಇನ್ನು ಬೆಂಬಲವಿಲ್ಲ ಎಂದು ಕಂಪನಿಯವರು ಹೇಳಿದಾಗ, ಹೊಸ ವಿಂಡೋಸನ್ನು ಹೊರುವ ತ್ರಾಣ ಆ ಮಿಷನ್ನಿಗಿರಲಿಲ್ಲ. ನಮ್ಮ ಹಾಳೆ ಓದಿ ಅವಳು ಲಿನಕ್ಸ್ ಹಾಕಿಕೊಂಡಳು. ಮಿಷನ್ನು ಹೊಸ ಜೀವ ಬಂದಂತೆ ಓಡಿತು. ವಾರ ವಾರ ಫೋನು: “ಅಕ್ಕಾ, ನಿಮ್ಮ ಸುದ್ದಿ ನೋಡೇ ನಾನು ಅಂಗಡಿ ನಡೆಸ್ತಿರೋದು.” ಈ ಮಾತು ಕೇಳಿ ಹಿಗ್ಗುತ್ತಿದ್ದೆ. ಅದರೊಳಗಿನ ಭಾರ ಆಮೇಲೆ ಗೊತ್ತಾಯಿತು.

ಅವಳ ಅತ್ತೆ ಮುನಿಯಮ್ಮನಿಗೆ ಆ ಕೋಣೆಯ ಮೇಲೆ ಬೇರೆ ಆಸೆ. ಮನೆಯಲ್ಲಿ ಹಸುಗಳಿದ್ದವು, ಬೂಸಾ ಹಿಂಡಿ ಇಡಲು ಒಣಗಿದ ಜಾಗ ಬೇಕಿತ್ತು. ನಾಗವೇಣಿಯ ಗಂಡ ದಿನಾ ಬೆಳಗಿನ ರೈಲಿಗೆ ಮಾಲೂರಿನ ಕಾರ್ಖಾನೆಗೆ ಹೋಗುವವನು. ತಾಯಿಯ ಮಾತಿಗೂ ಹೆಂಡತಿಯ ಮಾತಿಗೂ ಒಂದೇ ತಲೆ ಆಡಿಸುತ್ತಿದ್ದ. ಆ ವರ್ಷ ಅಲ್ಲಿನ ಒಂದು ಶಾಲೆಯವರು ತಮ್ಮ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಯನ್ನು ನಾಗವೇಣಿಗೆ ಒಪ್ಪಿಸಿದ್ದರು. ಹಳೆಯ ಮೇಷ್ಟ್ರುಗಳ ಫೋಟೋ, ಹಳೆಯ ವಿದ್ಯಾರ್ಥಿಗಳ ಬರಹ, ಎಲ್ಲ ಅವಳೇ ಕೂಡಿಸಿ ಪುಟ ಕಟ್ಟಿದ್ದಳು. ಮುನಿಯಮ್ಮ ಸೊಸೆಗೆ ಹೇಳಿದ್ದಳಂತೆ: “ದಸರಾ ಆದ್ಮೇಲೆ ಪುಸ್ತಕ ಕೊಡ್ತೀನಿ ಅಂದಿದ್ದೀಯ. ಕೊಟ್ಯಾ, ಕೋಣೆ ನಿಂದು. ಇಲ್ಲಾ, ಮೂಟೆ ಇಳಿಸ್ತೀನಿ. ಆಮೇಕೆ ಅಳ್ಬಾರ್ದು.”

ಅದೇ ದಸರಾ ಹೊತ್ತಿಗೆ ನಾಗವೇಣಿಯ ಲಿನಕ್ಸಿನ ಹೊಸ ಆವೃತ್ತಿ ಬಂತು. ಈ ಬಗೆಯವು ಅಕ್ಟೋಬರಿನಲ್ಲೇ ಬರುತ್ತವೆ. ಹೊರಗಿನ ದೇಶದಲ್ಲಿ ಅದನ್ನು ಕಟ್ಟುವವರಿಗೆ ನಮ್ಮ ನವರಾತ್ರಿ ಏನು ಗೊತ್ತು? ನಾನು ಹಾಕಿ ನೋಡಿದೆ. ಕನ್ನಡ ಚೆನ್ನಾಗಿತ್ತು, ಪ್ರಿಂಟರು ಮಾತಾಡಿತು, ಪ್ಲಗ್ ಕಿತ್ತರೂ ಸ್ವಲ್ಪ ಉಪಚಾರದಿಂದ ಎದ್ದಿತು. ಹಾಗೆಯೇ ಬರೆದೆ. ಕೊನೆಯ ಸಾಲು: ‘ಏರಿಸುವಾಗ ಮಧ್ಯದಲ್ಲಿ ಕರೆಂಟ್ ಹೋದರೆ ಗಾಬರಿ ಬೇಡ, ಫಾರ್ಮ್ಯಾಟ್ ಮಾಡಬೇಡಿ, ನಮಗೆ ಫೋನ್ ಮಾಡಿ.’

ಬರಹ ಒಂದು ಪುಟಕ್ಕಿಂತ ನಾಲ್ಕೈದು ಪದ ಉದ್ದವಾಗಿತ್ತು. ಮೇಷ್ಟ್ರು ಆ ಕೊನೆಯ ಸಾಲನ್ನು ಕತ್ತರಿಸಿ, ಅಲ್ಲಿ ಅದಕ್ಕಿಂತ ಚಿಕ್ಕದೊಂದನ್ನು ಕೂಡಿಸಿದರು: ‘ಹಬ್ಬದ ರಜೆಯ ಬಿಡುವಿನಲ್ಲಿ ಹಾಕಿಕೊಳ್ಳಲು ಅನುಕೂಲ. ಎಲ್ಲರಿಗೂ ಶುಭಾಶಯ.’ ಅವರ ಮನೆಯಲ್ಲಿ ಪೂಜೆ ಪುನಸ್ಕಾರ ಕಡಿಮೆ. ರಜೆ ಎಂದರೆ ಅವರಿಗೆ ಖಾಲಿ ದಿನ.

ಆಯುಧಪೂಜೆಯ ಸಂಜೆ ನಾನು ನನ್ನ ಮಿಷನ್ನಿಗೆ ಅರಿಶಿನ ಕುಂಕುಮ ಇಟ್ಟು, ಹೂವು ಮುಡಿಸಿ, ಮಂಗಳಾರತಿ ಮಾಡಿ ತಟ್ಟೆ ಕೆಳಗಿಡುತ್ತಿದ್ದೆ. ಫೋನು ಬಂತು. ನಾಗವೇಣಿ ಬಿಕ್ಕುತ್ತಿದ್ದಳು. ಹಿಂದೆ ಹಸು ಕೂಗುವುದು ಕೇಳುತ್ತಿತ್ತು.

“ಅಕ್ಕಾ, ಎಲ್ಲಾ ಓಯ್ತಕ್ಕಾ. ಪುಸ್ತಕಾನೂ ಓಯ್ತು, ಅಂಗಡೀನೂ ಓಯ್ತು.”

“ಎಲ್ಲಿದ್ದೀಯ ನೀನು?”

“ಕೊಟ್ಟಿಗೆ ಇಂದೆ. ಅತ್ತೆಮ್ಮಂಗೆ ಕೇಳಿಸ್ಬಾರ್ದು.”

ಬಿಡಿಸಿ ಕೇಳಿದಾಗ ತಿಳಿದದ್ದು ಇಷ್ಟು. ಹಾಳೆಯಲ್ಲಿ ರಜೆಯಲ್ಲಿ ಅನುಕೂಲ ಎಂದಿತ್ತಲ್ಲ, ಅವಳು ಬೆಳಿಗ್ಗೆಯೇ ಹೊಸ ಆವೃತ್ತಿ ಏರಿಸಲು ಹಚ್ಚಿದ್ದಳು. ಇಳಿಯುವುದೇ ಮಧ್ಯಾಹ್ನವಾಯಿತು, ಆಮೇಲೆ ಕೂರಿಸುವ ಕೆಲಸ ಶುರುವಾಯಿತು. ಅವಳು ಒಳಗೆ ಗುಗ್ಗರಿಗೆ ಒಗ್ಗರಣೆ ಹಾಕುತ್ತಿದ್ದಾಗ ಮುನಿಯಮ್ಮ ಕುಡುಗೋಲು, ಗುದ್ದಲಿ, ಹಾಲಿನ ಕ್ಯಾನು, ಮೇವು ಕತ್ತರಿಸುವ ಮಿಷನ್ನು ಎಲ್ಲಕ್ಕೂ ಪೂಜೆ ಮಾಡುತ್ತ ಈ ಕೋಣೆಗೆ ಬಂದಳು. ನಮ್ಮ ಕಡೆ ಆಯುಧಪೂಜೆಯೆಂದರೆ ಆಯುಧ ಮಲಗಬೇಕು. ಪೂಜೆಯಾದ ಮೇಲೆ ಮರುದಿನ ಮತ್ತೆ ಕಾಯಿ ಒಡೆದು ಎಬ್ಬಿಸುವವರೆಗೆ ಯಾರೂ ಮುಟ್ಟಬಾರದು. ಮುನಿಯಮ್ಮ ಮೇನ್ ಸ್ವಿಚ್ ಎಳೆದು, ಕಂಪ್ಯೂಟರಿಗೆ ಮೂರು ಬೆರಳು ವಿಭೂತಿ ಬಳಿದು, ನಿಂಬೆಹಣ್ಣು ಇಟ್ಟು ಬಂದಳು.

“ಆಮೇಲೆ ನಾನು ಗುಟ್ಟಾಗಿ ಒಂದ್ ಸಲ ಆನ್ ಮಾಡ್ದೆ ಅಕ್ಕಾ. ಕರೀ ಪರದೆ, ಬಿಳೀ ಅಕ್ಷರ, ಅಷ್ಟೇ. ಅರುಳಣ್ಣಂಗೆ ಫೋನ್ ಮಾಡ್ದೆ. ಫಾರ್ಮ್ಯಾಟ್ ಮಾಡ್ಬುಡು, ಲಿನಕ್ಸ್ ಆಕೋ ಪೆನ್‌ಡ್ರೈವ್ ನಿನ್ ತಾವೇ ಐತಲ್ಲ, ಅಂದ.”

“ಮಾಡಿದ್ಯಾ?”

“ಪೆನ್‌ಡ್ರೈವ್ ಚುಚ್ಚೋ ಒತ್ಗೆ ಅತ್ತೆಮ್ಮ ಬಾಗ್ಲಲ್ಲಿ. ಪೂಜೆ ಆಗಿರೋ ಆಯುಧಾನ ಮುಟ್ತೀಯೇನೇ ಅಂತ ಬೈದು, ಬೀಗ ಜಡ್ದು, ಕೀ ಸೆರಗಿಗೆ ಗಂಟಾಕ್ಕೊಂಡ್ರು.”

ನಾನು ಅಲ್ಲೇ ದೇವರ ಕೋಣೆಯ ಹೊಸ್ತಿಲ ಮೇಲೆ ಕೂತೆ. “ನಾಗವೇಣಿ, ಆ ಕೀ ಎಲ್ಲಿದೆಯೋ ಅಲ್ಲೇ ಇರಲಿ. ನೀನು ಮುಟ್ಟಬೇಡ, ಬೇರೆ ಯಾರನ್ನೂ ಮುಟ್ಟಗೊಡಬೇಡ. ಬೆಳಿಗ್ಗೆ ಮೊದಲ ಬಸ್ಸಿಗೆ ಬರ್ತೀನಿ.”

“ಪುಸ್ತಕ ಸಿಗ್ತದಾ ಅಕ್ಕಾ?”

ನನ್ನ ಮಿಷನ್ನು ಪ್ಲಗ್ ಕಿತ್ತ ಮೇಲೂ ಎದ್ದಿತ್ತು, ಆದ್ದರಿಂದ ಧೈರ್ಯವಿತ್ತು. ಆದರೆ ಅವಳ ಡಿಸ್ಕ್ ನನ್ನದಕ್ಕಿಂತ ಹಳೆಯದು. “ಸಿಗುತ್ತೆ” ಎಂದೆ. ಫೋನಿಟ್ಟ ಮೇಲೆ ವೆಂಕಟರಮಣನಿಗೆ, ನನ್ನ ಮಾತು ಉಳಿಸಪ್ಪಾ ಎಂದೆ.

ಮೇಷ್ಟ್ರಿಗೆ ಫೋನ್ ಮಾಡಿದೆ. ಎಲ್ಲ ಕೇಳಿ, “ನಾನು ಕತ್ತರ್ಸಿದ್ದು ಅದೇ ಸಾಲಾ?” ಎಂದರು.

“ಅದೇ ಮೇಷ್ಟ್ರೇ.”

“ನಾನೂ ಬತ್ತೀನಿ” ಎಂದರು.

ಬೆಳಿಗ್ಗೆ ಬಂಗಾರಪೇಟೆ ಬಸ್ ನಿಲ್ದಾಣದಲ್ಲಿ ಅವರು ನನಗಿಂತ ಮುಂಚೆ ಬಂದು ನಿಂತಿದ್ದರು, ಕಂಕುಳಲ್ಲಿ ಛತ್ರಿ. ಬಸ್ಸಿನ ಮುಂದೆ ಬಾಳೆಕಂದು, ಕನ್ನಡಿಗೆಲ್ಲ ಚೆಂಡುಹೂವಿನ ಹಾರ. ನನ್ನ ಚೀಲದಲ್ಲಿ ಎರಡು ಪೆನ್‌ಡ್ರೈವ್: ಒಂದರಲ್ಲಿ ಹಳೆಯ ಆವೃತ್ತಿ, ಇನ್ನೊಂದು ಖಾಲಿ. ಹೊಸದರ ಸುದ್ದಿ ಬರೆಯುವವಳು ಹಳೆಯದನ್ನು ಯಾವತ್ತೂ ಅಳಿಸಬಾರದು, ಇದನ್ನೂ ಬರೆದಿಟ್ಟುಕೊಳ್ಳಿ.

ಮುನಿಯಮ್ಮ ಅಂಗಳದಲ್ಲಿ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ನಾಗವೇಣಿ ಕಣ್ಣು ಊದಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಹೊರಗೆ ಗೋಡೆಗೆ ಒರಗಿಸಿದ್ದ ಬೂಸಾ ಮೂಟೆಗಳು ಮೊದಲೇ ಬಂದು ಕಾಯುತ್ತಿದ್ದವು. ನಾಗವೇಣಿ ನಮ್ಮ ಪರಿಚಯ ಹೇಳಿದಳು. ಮುನಿಯಮ್ಮ ಮೇಷ್ಟ್ರನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು.

“ನೀವೇನಾ, ಅಬ್ಬದ ದಿನ ಕೆಲ್ಸ ಮಾಡ್ರಿ ಅಂತ ಬರ್ದೋರು?”

“ನಾನೇನಮ್ಮಾ” ಎಂದರು ಮೇಷ್ಟ್ರು.

“ಓದಿರೋರು. ಅಸ ಒಂದ್ ಬುಟ್ರೆ ಇನ್ಯಾರ್ಗೂ ಅಬ್ಬದ ದಿನ ಕೆಲ್ಸ ಇಲ್ಲ ಈ ಊರಾಗೆ. ಅದು ಕೊಡೋ ಆಲು ನಿಲ್ಸಾಕೆ ಆಗ್ದು, ಅದ್ಕೆ. ಕಂಪ್ಯೂಟ್ರು ಏನು ಆಲು ಕೊಡ್ತದಾ?”

ಮೇಷ್ಟ್ರು ಜಗಲಿಯ ಮೇಲೆ ಕೂತರು. ಅಷ್ಟು ಸಾಧುವಾಗಿ ಅವರು ಕೂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ನಾನು ಕೀ ಕೇಳಲಿಲ್ಲ. “ಅಮ್ಮಾ, ಎಬ್ಬಿಸೋ ಪೂಜೆ ಮಾಡಿಬಿಡಿ, ಆಮೇಲೆ ನೋಡೋಣ” ಎಂದೆ. ಅವಳ ಮುಖ ಸಡಿಲಾಯಿತು. ನನ್ನ ಹಣೆಯ ಕುಂಕುಮ ನೋಡಿದಳೇನೋ. ಸೆರಗಿನ ಗಂಟು ಬಿಚ್ಚಿ ಬೀಗ ತೆಗೆದಳು, ಕಾಯಿ ಒಡೆದಳು, ಕರ್ಪೂರ ಹಚ್ಚಿದಳು. ನಾನೂ ಕೈಮುಗಿದೆ, ನನ್ನಷ್ಟು ಮನಸಿಟ್ಟು ಆ ದಿನ ಯಾರೂ ಮುಗಿದಿರಲಾರರು. “ಊಂ, ಎಬ್ಬಿಸ್ರಿ” ಎಂದು ನಿಂಬೆಹಣ್ಣು ಎತ್ತಿಕೊಂಡಳು. ಸ್ವಿಚ್ಚಿನ ಮೇಲೆ ದಪ್ಪ ಕುಂಕುಮವಿತ್ತು. ಒತ್ತಿದಾಗ ನನ್ನ ಬೆರಳು ಕೆಂಪಾಯಿತು.

ಮೊದಲು ಡಿಸ್ಕಿನಿಂದ ಎಬ್ಬಿಸಲಿಲ್ಲ. ಹಳೆಯ ಆವೃತ್ತಿಯ ಪೆನ್‌ಡ್ರೈವ್ ಚುಚ್ಚಿ ಅದರಿಂದಲೇ ಎಬ್ಬಿಸಿದೆ. ಹಾಗೆ ಮಾಡಿದರೆ ಒಳಗಿನ ಡಿಸ್ಕಿಗೆ ಏನೂ ಮಾಡದೆ ಬಾಗಿಲಲ್ಲಿ ನಿಂತು ಇಣುಕಿದಂತೆ. ಇಣುಕಿದೆ. ನಾಗವೇಣಿಯ ಹೆಸರಿನ ಕಪಾಟು ಕಂಡಿತು. ಅದರೊಳಗೆ ‘ಶಾಲೆ ಪುಸ್ತಕ’. ಅದರೊಳಗೆ ಪುಟಗಳು, ಫೋಟೋಗಳು. ಒಂದನ್ನು ತೆರೆದೆ. ಕೋಟು ಪೇಟ ತೊಟ್ಟ ಯಾರೋ ಹಳೆಯ ಹೆಡ್‌ಮಾಸ್ಟರು ನಮ್ಮೆಲ್ಲರನ್ನೂ ಗದರಿಸುವಂತೆ ನೋಡಿದರು.

ನಾಗವೇಣಿ ಅಳಲಿಲ್ಲ, ಗೋಡೆಗೆ ಒರಗಿದಳು. ಎಲ್ಲವನ್ನೂ ಖಾಲಿ ಪೆನ್‌ಡ್ರೈವಿಗೆ ನಕಲು ಮಾಡಿ ಅವಳ ಕೈಗಿಟ್ಟೆ.

ಆಮೇಲಿನದು ನನ್ನ ಅಡುಗೆಮನೆಯಲ್ಲಿ ಎಷ್ಟೋ ಸಲ ಮಾಡಿದ ಉಪಚಾರ. ಡಿಸ್ಕಿನಿಂದ ಎಬ್ಬಿಸಿ, ಶುರುವಿನ ಪಟ್ಟಿಯಲ್ಲಿ ಹಳೆಯ ಕರ್ನಲನ್ನು, ಅಂದರೆ ಲಿನಕ್ಸಿನ ಹಳೆಯ ತಿರುಳನ್ನು, ಆರಿಸಿ, ಅರ್ಧಕ್ಕೆ ನಿಂತ ಕೆಲಸ ಮುಂದುವರಿಸು ಎಂಬ ಆಜ್ಞೆ ಕೊಟ್ಟೆ. ಇಳಿಸಬೇಕಾದದ್ದೆಲ್ಲ ಹಿಂದಿನ ದಿನವೇ ಇಳಿದಿತ್ತು. ಪರದೆಯ ಮೇಲೆ ಸಾಲುಗಳು ಸರಸರ ಹರಿಯತೊಡಗಿದವು.

ಮುನಿಯಮ್ಮ ಹೋಗಲಿಲ್ಲ, ನಿಂತೇ ನೋಡುತ್ತಿದ್ದಳು. “ಅದೇನು ಅಂಗೆ ಓಡ್ತೈತೆ?”

“ನೆನ್ನೆ ನಿಂತ ಕೆಲಸ ಮುಗಿಸ್ತಿದೆ ಅಮ್ಮಾ.”

“ನೆನ್ನೆ ಕೆಲ್ಸ ಮಾಡ್ತಿತ್ತಾ? ಪರದೆ ಕಪ್ಪಗಿತ್ತು. ಮಲ್ಗೈತೆ ಅನ್ಕಂಡೆ. ಮಲ್ಗಿರೋದನ್ನ ತಾನೇ ನಾನು ಆರ್ಸಿದ್ದು.” ಸೊಸೆಯ ಕಡೆ ತಿರುಗಿದಳು. “ನಿಂಗೆ ಬಾಯಿ ಇರ್ಲಿಲ್ವೇನೇ? ಅತ್ತೇ, ಅದು ಕೆಲ್ಸದಾಗೈತೆ ಅಂತ ಒಂದ್ ಮಾತು?”

“ನೀವು ತಟ್ಟೆ ಇಡ್ಕಂಡು ಬಂದಿದ್ದು ನಾನು ನೋಡಿದ್ರೆ ತಾನೇ ಅತ್ತೆಮ್ಮಾ? ನಾನು ಒಲೆ ಮುಂದಿದ್ದೆ. ಒಗ್ಗರ್ಣೆ ಸೀದ್ರೆ ಅದ್ಕೂ ಬೈತಿದ್ರಿ.”

“ಬೈತಿದ್ದೆ” ಎಂದು ಮುನಿಯಮ್ಮ ಒಪ್ಪಿಕೊಂಡಳು.

ನಾನು ಹೇಳಬೇಕಾದ ಮಾತೊಂದಿತ್ತು. “ಅಮ್ಮಾ, ನೆನ್ನೆ ನೀವು ಬೀಗ ಹಾಕದೆ ಹೋಗಿದ್ರೆ ಈ ಪುಸ್ತಕ ಇವತ್ತು ಇರ್ತಿರಲಿಲ್ಲ. ಇವಳು ಗಾಬರೀಲಿ ಎಲ್ಲಾ ಅಳಿಸಿಬಿಡ್ತಿದ್ದಳು. ಒಂದು ರಾತ್ರಿ ಯಾರೂ ಮುಟ್ಟದೆ ಇದ್ದದ್ದಕ್ಕೆ ಉಳೀತು.”

ಮುನಿಯಮ್ಮ ಬೊಚ್ಚುಬಾಯಿ ಬಿಟ್ಟು ನಕ್ಕಳು. “ಅಂಗಂದ್ರೆ ಕೆಡಿಸ್ದೋಳೂ ನಾನೇ, ಉಳಿಸ್ದೋಳೂ ನಾನೇ ಅನ್ನು.”

“ಅವೆರಡಕ್ಕೂ ಮೊದ್ಲು ತಪ್ಪು ಬರ್ದೋನು ನಾನು” ಎಂದರು ಜಗಲಿಯಿಂದ ಮೇಷ್ಟ್ರು.

“ನೀವು ಸುಮ್ಕೆ ಗುಗ್ಗರಿ ತಿನ್ರಿ ಸಾಮಿ” ಎಂದು ಅವಳು ಅವರ ಮುಂದೆ ತಟ್ಟೆ ತಂದಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಹೊಸ ಆವೃತ್ತಿ ಪೂರ್ತಿಯಾಗಿ ಎದ್ದು ನಿಂತಿತು. ನಾನು ‘ಶ್ರೀ ವೆಂಕಟರಮಣ ಪ್ರಸನ್ನ’ ಎಂದು ಟೈಪಿಸಿದೆ. ಪ್ರಿಂಟರು ಅದನ್ನು ಅಚ್ಚುಮಾಡಿ ಹೊರಹಾಕಿದಾಗ ಮುನಿಯಮ್ಮ ಆ ಹಾಳೆಯನ್ನು ಕಣ್ಣಿಗೊತ್ತಿಕೊಂಡು ಗೋಡೆಗೆ ಅಂಟಿಸಿದಳು. ಶಾಲೆಯ ಪುಸ್ತಕ ಹೇಳಿದ ಹೊತ್ತಿಗೆ ಪ್ರೆಸ್ಸಿಗೆ ಹೋಯಿತು. ಮೇಷ್ಟ್ರೇ ಅಚ್ಚುಹಾಕಿಸಿಕೊಟ್ಟರು. ಬೂಸಾ ಮೂಟೆಗಳು ಕೊಟ್ಟಿಗೆಯ ಅಟ್ಟ ಹತ್ತಿದವು ಎಂದು ನಾಗವೇಣಿ ಫೋನಿನಲ್ಲಿ ಹೇಳಿದಳು.

ಆ ಮೇಲೆ ನಮ್ಮ ಹಾಳೆಯಲ್ಲಿ ಎರಡು ಬದಲಾವಣೆಯಾಯಿತು. ಅಕ್ಟೋಬರಿನ ಆವೃತ್ತಿ ಎಷ್ಟೇ ಬೇಗ ಬರಲಿ, ಹಾಕಿಕೊಳ್ಳಿ ಎಂದು ನಾವು ಹೇಳುವುದು ವಿಜಯದಶಮಿ ಕಳೆದ ಮೇಲೆ. ಇನ್ನೊಂದು, ಪ್ರತಿ ಸುದ್ದಿಯ ಕೆಳಗೂ ಮೇಷ್ಟ್ರೇ ಬರೆದ ಒಂದು ಸಾಲು: ‘ಹಾಕುವಾಗ ಕೆಟ್ಟರೆ ಒಂದು ದಿನ ಯಂತ್ರವನ್ನು ಮಲಗಲು ಬಿಡಿ, ನಮ್ಮನ್ನು ಕೇಳಿ.’ ಆ ಸಾಲಿಗೆ ಜಾಗ ಸಾಲದಿದ್ದರೆ ಅವರು ಬೇರೆ ಏನನ್ನಾದರೂ ಕತ್ತರಿಸುತ್ತಿದ್ದರು, ಅದನ್ನಲ್ಲ. ಎಷ್ಟು ಮಿಷನ್ನುಗಳು ಅದರಿಂದ ಉಳಿದವೋ ದೇವರೇ ಬಲ್ಲ. ಅರುಳ್ ಮಾತ್ರ ನನ್ನನ್ನು ಕಂಡಾಗಲೆಲ್ಲ, “ಅಕ್ಕಾ, ನಿಮ್ಮಿಂದ ನನ್ನ ಫಾರ್ಮ್ಯಾಟ್ ವ್ಯಾಪಾರ ಪೋಚು” ಎನ್ನುತ್ತಾನೆ. ಅವನೂ ಈಗ ಫಾರ್ಮ್ಯಾಟಿಗೆ ಮುಂಚೆ ನಕಲು ತೆಗೆಯುತ್ತಾನೆ. ತೆಗೆಯುವುದನ್ನು ನಾನು ನೋಡಿದ್ದೇನೆ, ಅವನು ಒಪ್ಪುವುದಿಲ್ಲ.

ನನ್ನ ಕಣ್ಣಿಗೆ ಪೊರೆ ಬಂತು. ಆಪರೇಷನ್ ಚೆನ್ನಾಗಿಯೇ ಆಯಿತು, ಅದೂ ಒಂದು ದಯೆ. ಆದರೆ ಪರದೆಯ ಮೇಲಿನ ಸಣ್ಣ ಅಕ್ಷರ ಹಿಡಿದು ಕೂರುವುದು ಇನ್ನು ಸಾಕೆನ್ನಿಸಿತು. ಹಾಳೆಯನ್ನು ಯಾರಿಗೆ ಒಪ್ಪಿಸಬೇಕೆಂದು ಮೇಷ್ಟ್ರು ಕೇಳಿದಾಗ ನಾನು ಯೋಚಿಸಲೂ ಇಲ್ಲ, ನಾಗವೇಣಿಯ ಹೆಸರು ಹೇಳಿದೆ. ಕೆಟ್ಟ ಮಿಷನ್ನಿನ ಚಿಂತೆಯಲ್ಲಿ ಒಂದು ರಾತ್ರಿ ಕಳೆದವಳು ಸುಮ್ಮಸುಮ್ಮನೆ ‘ಅದ್ಭುತ’ ಎಂದು ಬರೆಯಲಾರಳು. ನನ್ನ ಪ್ಲಗ್ ಕೀಳುವ ಮಿಷನ್ನು ಬಸ್ಸಿನಲ್ಲಿ ಕಾಮಸಮುದ್ರಕ್ಕೆ ಹೋಯಿತು. ಕಂಡಕ್ಟರು ಅದಕ್ಕೂ ಒಂದು ಟಿಕೆಟ್ ಹರಿದ.

ಈ ಸಲದ ಆಯುಧಪೂಜೆಗೆ ನಾಗವೇಣಿಯ ಮನೆಯವರು ಕರೆದರು, ಹೋಗಿದ್ದೆ. ಹೊಸ ಆವೃತ್ತಿ ಬಂದಿತ್ತು. ಓದುಗರಿಗೆ ಹಬ್ಬ ಕಳೆದ ಮೇಲೆ ಹೇಳಬೇಕಾದರೂ, ಹೇಳುವವಳು ಮೊದಲೇ ಹಾಕಿ ನೋಡಬೇಕಲ್ಲ. ನಾಗವೇಣಿ ಬೆಳಿಗ್ಗೆಯೇ ಹಚ್ಚಿದ್ದಳು. ನೆಟ್ ಅವತ್ತೂ ಆಮೆಯಂತೆ ನಡೆದಿತ್ತು. ಪೂಜೆಯ ಹೊತ್ತಾಯಿತು. ಕುಡುಗೋಲು, ಕ್ಯಾನು, ಮೇವಿನ ಮಿಷನ್ನು ಎಲ್ಲ ಮುಗಿಸಿ ಮುನಿಯಮ್ಮ ತಟ್ಟೆ ಹಿಡಿದು ಕೋಣೆಗೆ ಬಂದಳು. ಪರದೆ ಕಪ್ಪಗಿತ್ತು. ಅವಳು ಬೆರಳಿನಿಂದ ಮೌಸನ್ನು ಒಂದು ಸಲ ತಿವಿದಳು. ಪರದೆ ಬೆಳಗಿತು. ಅದರ ಮೇಲೆ ನೀಲಿ ಪಟ್ಟಿ ಮುಕ್ಕಾಲು ದೂರ ಬಂದು, ಇನ್ನೂ ತೆವಳುತ್ತಿತ್ತು.

ನಾಗವೇಣಿ ಒಳಗಿನಿಂದ ಓಡಿಬಂದಳು. “ಅತ್ತೆಮ್ಮಾ, ಮುಟ್ಬೇಡಿ, ಇನ್ನೂ ಮುಗ್ದಿಲ್ಲ. ಪೂಜೆ ಒತ್ತು ಮೀರ್ತದಾ?”

ಮುನಿಯಮ್ಮ ಕರ್ಪೂರದ ಡಬ್ಬಿಯ ಮುಚ್ಚಳ ಮತ್ತೆ ಹಾಕಿದಳು. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕಂಪ್ಯೂಟರಿನ ಮುಂದಿನ ಸ್ಟೂಲಿನ ಮೇಲೆ ಕೂತು, ನನಗೂ ಪಕ್ಕದಲ್ಲಿ ಜಾಗ ಮಾಡಿದಳು.

“ಮುಗೀಲಿ ಬುಡು. ದ್ಯಾವ್ರು ಕಾಯ್ತಾನೆ.”